ಕಟ್ಟೆಯ ಮೇಲಿನ ಪಾಟಿಚೀಲ

ಐದು ಗಂಟೆಗೆ ಹತ್ತು ನಿಮಿಷ ಇರುವಾಗ ನಾನು ಆಸ್ಪತ್ರೆಯ ಲ್ಯಾಬಿನಿಂದ ಮನೆಗೆ ಬಂದೆ. ಕಟ್ಟೆಯ ಮೇಲೆ ಮಗಳ ಪಾಟಿಚೀಲ ಇತ್ತು. ನೀಲಿ ಚೀಲ, ಬಲಗಡೆಯ ಜಿಪ್ಪು ಕಿತ್ತುಹೋಗಿ ಅಲ್ಲಿ ಒಂದು ಪಿನ್ನು ಚುಚ್ಚಿದ್ದೆ. ಅದನ್ನು ಒಳಗೆ ತಂದು ಗೂಟಕ್ಕೆ ಹಾಕಿ ಚಹಾಕ್ಕೆ ನೀರಿಟ್ಟೆ. ಆ ಹೊತ್ತಿಗೆ ಎಂಟು ವರ್ಷದ ನನ್ನ ಮಗಳು ಎಲ್ಲಿದ್ದಾಳೆಂದು ವಿಜಯಪುರದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದೂ ಯಾರಿಗೂ ಗೊತ್ತಿರಲಿಲ್ಲ. ನಾನು ಚಹಾ ಕುಡಿದೆ. ಇದನ್ನು ಬಿಡದೆ ಬರೆಯಬೇಕು: ಕುಡಿದು, ಉಳಿದದ್ದರಲ್ಲಿ ಮತ್ತೆ ಅರ್ಧ ಕಪ್ಪು ಬಗ್ಗಿಸಿಕೊಂಡೆ.

ಮಗು ಬರದೆ ಚೀಲ ಬರುವುದು ಹೇಗೆ ಎಂದು ಕೇಳಿದವರಿಗೆಲ್ಲ ನಮ್ಮ ಗಲ್ಲಿಯ ರೂಢಿಯನ್ನು ವಿವರಿಸಬೇಕಾಗುತ್ತದೆ. ಗಲ್ಲಿ ಹಳೆಯ ಊರಿನೊಳಗಿನದು, ಎರಡು ಸ್ಕೂಟರು ಎದುರಾದರೆ ಒಂದು ನಿಲ್ಲಬೇಕು. ಶಾಲೆಯ ವ್ಯಾನು ಒಳಗೆ ಬರುವುದಿಲ್ಲ. ಗಿರಣಿಯ ಮೂಲೆಯಲ್ಲಿ ನಿಲ್ಲುತ್ತದೆ. ಚೀಲಗಳು ವ್ಯಾನಿನ ಮೇಲಿನ ಕ್ಯಾರಿಯರ್‌ನಲ್ಲಿ ಬರುತ್ತವೆ. ಡ್ರೈವರ್ ಒಂದೊಂದೇ ಇಳಿಸಿ ಮೂಲೆಮನೆಯ ಆಯಿಯ ಕೈಗೆ ಕೊಡುತ್ತಾನೆ. ಎಪ್ಪತ್ತು ದಾಟಿದ ಆಕೆಯನ್ನು ಇಡೀ ಗಲ್ಲಿ ಕರೆಯುವುದೇ ಆಯಿ ಎಂದು. ಆಯಿ ಚೀಲಗಳನ್ನು ತನ್ನ ಕಟ್ಟೆಯ ಮೇಲೆ ಸಾಲಾಗಿ ಇಡುತ್ತಾಳೆ. ಹಿಟ್ಟು ಬೀಸಿಸಿಕೊಂಡು ಬರುವವರು, ಹಾಲಿಗೆ ಹೋದವರು, ಗಲ್ಲಿಯೊಳಗೆ ಬರುವ ಯಾರೇ ಆಗಲಿ, ಒಂದೋ ಎರಡೋ ಚೀಲ ಎತ್ತಿಕೊಂಡು ಆಯಾ ಮನೆಯ ಕಟ್ಟೆಗೆ ಇಟ್ಟು ಮುಂದೆ ಹೋಗುತ್ತಾರೆ. ಇಷ್ಟು ಭಾರದ ಚೀಲವನ್ನು ಮಕ್ಕಳು ಯಾಕೆ ಹೊರಬೇಕು ಎಂದು ಆಯಿಯೇ ಶುರು ಮಾಡಿದ್ದು. ಮಕ್ಕಳು ಖಾಲಿ ಕೈಯಲ್ಲಿ ಇಳಿದು ಓಡುತ್ತಿದ್ದವು. ಯಾವ ಬಾಗಿಲು ತೆರೆದಿತ್ತೋ ಆ ಮನೆಯಲ್ಲಿ ತಿನ್ನುತ್ತಿದ್ದವು. ನಾನು ಐದಕ್ಕೆ ಬರುತ್ತೇನೆ, ವ್ಯಾನು ನಾಲ್ಕಕ್ಕೆ ಬರುತ್ತದೆ. ನಡುವಿನ ಆ ಒಂದು ಗಂಟೆಯನ್ನು ನಾನು ಮೂರು ವರ್ಷ ಗಲ್ಲಿಗೆ ಬಿಟ್ಟಿದ್ದೆ.

ಶಾಲೆ ಇರುವುದು ಊರ ಹೊರಗೆ, ಇಟ್ಟಂಗಿಹಾಳದ ಕಡೆ ತಿರುಗುವ ದಾರಿಯನ್ನೂ ಬಿಟ್ಟು ಟಿಕೋಟಾ ರಸ್ತೆಯಲ್ಲಿ ಇನ್ನೂ ಮುಂದೆ, ಹೊಲಗಳ ನಡುವೆ. ಖಾಸಗಿ ಶಾಲೆ. ನನ್ನ ಗಂಡ ಬಬಲೇಶ್ವರದಲ್ಲಿ ಸರಕಾರಿ ಪ್ರೌಢಶಾಲೆಯ ಶಿಕ್ಷಕ. ಅಲ್ಲಿನ ಪಾಲಕರು ಅವನನ್ನು ಬಿಡುವುದಿಲ್ಲ. “ಮಾಸ್ತರ್ರ, ನಮ್ಮ ಹುಡುಗ್ರಿಗಿ ಸರಕಾರಿ ಸಾಲಿ ಚಲೋ ಅಂತೀರಿ, ನಿಮ್ಮ ಮಗಳಿಗಿ ಒಗ್ಗೂದಿಲ್ಲೇನ್ರಿ?” ಅವನು ನಕ್ಕುಬಿಡುತ್ತಾನೆ. ಆ ಶಾಲೆಗೆ ಹಟ ಹಿಡಿದು ಸೇರಿಸಿದವಳು ನಾನು. ಆಟದ ಬಯಲು ನೋಡಿ, ಗ್ರಂಥಾಲಯ ನೋಡಿ ಸೇರಿಸಿದೆ. ಹಾಗಾಗಿ ಆ ಸಂಜೆ ಮನಸ್ಸು ಮೊದಲು ದೂರಿದ್ದು ನನ್ನನ್ನೇ.

ಐದೂಕಾಲಿಗೆ ಬಾಗಿಲಿಗೆ ಬಂದು ಮಗಳ ಹೆಸರು ಕೂಗಿದೆ. ಎದುರು ಮನೆಯಾಕೆ ಕಿಟಕಿಯಿಂದಲೇ ಹೇಳಿದಳು, “ಇಲ್ಲಿ ಬಂದಿಲ್ರೀ ಇವತ್ತ. ಹಿಂದಿನ ಮನ್ಯಾಗ ಇದ್ದಾಳು, ಅಲ್ಲಿ ಚಕ್ಕುಲಿ ಮಾಡಾಕತ್ತಾರ.” ಹಿಂದಿನ ಮನೆಯಲ್ಲಿ ಚಕ್ಕುಲಿಯ ಸುತ್ತ ಐದು ಮಕ್ಕಳಿದ್ದವು. ನನ್ನದು ಇರಲಿಲ್ಲ. “ಆಯಿ ಮನಿಗಿ ಹೋಗಿರಬೇಕ ನೋಡ್ರಿ,” ಎಂದರು. ಆಯಿ, “ಇಲ್ಲೇ ಇಳದಾಳವಾ, ಚೀಲ ನಾನss ಇಸಗೊಂಡೇನಿ,” ಎಂದಳು.

“ಆಯಿ, ಆಕಿ ಇಳದಿದ್ದು ನೋಡೀರೇನು?”

“ಚೀಲ ಇಸಗೊಂಡೇನಿ ಅಂದ್ನೆಲ್ಲಾ.”

“ಆಕಿ ಮುಖ ನೋಡೀರೇನು?”

ಆಯಿ ಗೋಡೆ ಹಿಡಿದುಕೊಂಡಳು.

ಹನ್ನೊಂದು ಮನೆ ಕೇಳಿದೆ. ಪ್ರತಿ ಮನೆಯವರೂ ಅವಳು ಬೇರೊಂದು ಮನೆಯಲ್ಲಿದ್ದಾಳೆಂದು ನಂಬಿದ್ದರು. ಯಾರೂ ಸುಳ್ಳು ಹೇಳಲಿಲ್ಲ, ಯಾರೂ ಅಲಕ್ಷ್ಯ ಮಾಡಿದವರಲ್ಲ. ಡ್ರೈವರ್‌ಗೆ ಫೋನ್ ಮಾಡಿದೆ. “ಅಕ್ಕಾರ, ಹದಿನಾಲ್ಕ ಚೀಲ ಇದ್ದೂರಿ. ನಾ ಎಣಿಸೇ ಗಾಡಿ ಬಿಟ್ಟೇನ್ರಿ,” ಎಂದ. ಮಕ್ಕಳು ಅಲ್ಲಾಡುತ್ತವೆ, ಜಾಗ ಬದಲಿಸುತ್ತವೆ, ಸೀಟಿನ ಕೆಳಗೆ ಕೂರುತ್ತವೆ; ಚೀಲ ಇಟ್ಟಲ್ಲೇ ಇರುತ್ತದೆ. ಅದಕ್ಕೆ ಅವನು ಚೀಲ ಎಣಿಸುತ್ತಿದ್ದ. ಆಯಿಯೂ ಚೀಲ ಎಣಿಸುತ್ತಿದ್ದಳು. ಕಟ್ಟೆಯ ಮೇಲೆ ಚೀಲ ನೋಡಿ ನಾನೂ ಅದನ್ನೇ ಮಾಡಿದ್ದೆ. ದಿನವಿಡೀ ಲ್ಯಾಬಿನಲ್ಲಿ, ಸೀಸೆಯ ಮೇಲೆ ಚೀಟಿ ಇದ್ದರೂ ರೋಗಿಯ ಬಾಯಿಂದಲೇ ಹೆಸರು ಹೇಳಿಸಿ ರಕ್ತ ತೆಗೆಯುವವಳು ನಾನು.

ಶಾಲೆಯ ಫೋನು ಯಾರೂ ಎತ್ತಲಿಲ್ಲ. ಗಂಡ ಬಬಲೇಶ್ವರದ ಬಸ್ಸಿನಲ್ಲಿದ್ದ; ಇಳಿದವನೇ ಮನೆಗೆ ಬಾರದೆ ಗೆಳೆಯನ ಬೈಕ್ ಇಸಿದುಕೊಂಡು ಶಾಲೆಗೆ ಹೋದ. ಕಾವಲುಗಾರನನ್ನು ಬಿಟ್ಟರೆ ಅಲ್ಲಿ ಯಾರೂ ಇಲ್ಲ ಎಂದು ಫೋನ್ ಮಾಡಿದ. ಪೊಲೀಸ್ ಠಾಣೆಗೆ ಹೋಗಲು ನಾನು ಚಪ್ಪಲಿ ಮೆಟ್ಟುತ್ತಿದ್ದಾಗ ಗಿರಣಿಯ ಮೂಲೆಯಲ್ಲಿ ಒಂದು ಆಟೋ ನಿಂತಿತು. ಇನ್ನೂ ಬೆಳಕಿತ್ತು. ಮೊದಲು ಇಳಿದದ್ದು ನಾನು ಎಂದೂ ನೋಡಿರದ ಒಬ್ಬ ಅಜ್ಜಿ. ಅವಳ ಸೆರಗು ಹಿಡಿದುಕೊಂಡು ಹಿಂದಿನಿಂದ ಮಗಳು.

ನಡೆದದ್ದು ಇಷ್ಟು. ಚೀಲ ಕ್ಯಾರಿಯರ್‌ಗೆ ಹಾಕಿದ ಮೇಲೆ ಮಗಳು ನೀರಿನ ಬಾಟಲಿ ತುಂಬಿಕೊಳ್ಳಲು ನಲ್ಲಿಗೆ ಹೋಗಿದ್ದಾಳೆ. ತಿರುಗಿ ಬರುವಷ್ಟರಲ್ಲಿ ವಿಜಯಪುರದ ವ್ಯಾನು ಹೊರಟಿದೆ. ಟಿಕೋಟಾದ ವ್ಯಾನು ಇನ್ನೂ ನಿಂತಿತ್ತು. ತರಗತಿಯ ಗೆಳತಿಯೊಬ್ಬಳು, “ನಮ್ಮ ಮನಿಗಿ ಬಾ, ನಮ್ಮಜ್ಜಿ ಕಳಸ್ತಾಳ,” ಎಂದು ಕೈ ಹಿಡಿದು ಹತ್ತಿಸಿದ್ದಾಳೆ. ಗೆಳತಿಯ ಮನೆಗೆ ಹೊರಟಿದ್ದಾಳೆ ಎಂದುಕೊಂಡು ಆ ಡ್ರೈವರ್ ಏನೂ ಕೇಳಲಿಲ್ಲ. ಟಿಕೋಟಾದಲ್ಲಿ ಇಳಿದಾಗ ಅಜ್ಜಿ ಫೋನ್ ನಂಬರ್ ಕೇಳಿದ್ದಾಳೆ. ನಂಬರ್ ಇದ್ದದ್ದು ಡೈರಿಯಲ್ಲಿ, ಡೈರಿ ಇದ್ದದ್ದು ಚೀಲದಲ್ಲಿ, ಚೀಲ ನನ್ನ ಮನೆಯ ಗೂಟದಲ್ಲಿ. ಮಗಳ ಬಾಯಲ್ಲಿ ಇದ್ದದ್ದು ಒಂದೇ: ಗಿರಣಿ ಮೂಲೆ. ಅಷ್ಟರ ಮೇಲೆ ಆ ಹೆಂಗಸು ಬಸ್ಸು ಹತ್ತಿ, ಸ್ಟ್ಯಾಂಡಿನಲ್ಲಿ ಆಟೋದವರನ್ನು ಕೇಳಿ, ಎರಡು ಬೇರೆ ಗಿರಣಿಗಳನ್ನು ನೋಡಿ, ಮೂರನೆಯದಕ್ಕೆ ನಮ್ಮಲ್ಲಿಗೆ ಬಂದಿದ್ದಳು.

ಮಗಳು ಅತ್ತಿರಲಿಲ್ಲ. ಫ್ರಾಕಿನ ಜೇಬಿನ ತುಂಬ ಒಣದ್ರಾಕ್ಷಿ ಇತ್ತು. “ಮಮ್ಮಿ, ಅವರ ಮನ್ಯಾಗ ದ್ರಾಕ್ಷಿ ಒಣಾ ಹಾಕೂ ಶೆಡ್ಡ ಐತಿ!” ಎಂದಳು. ನಾನು ಅವಳ ತೋಳು ಹಿಡಿದವಳು ಬಿಡಲಿಲ್ಲ. ಬೆರಳ ಗುರುತು ಮರುದಿನವೂ ಇತ್ತು.

ಅಜ್ಜಿ ನೀರು ಕುಡಿದು, ಗಲ್ಲಿಯಲ್ಲಿ ನೆರೆದಿದ್ದವರನ್ನೆಲ್ಲ ನಿಧಾನವಾಗಿ ನೋಡಿ ಹೇಳಿದಳು, “ಇಷ್ಟ ಮಂದಿ ಅದೀರಿ. ಕೂಸು ಬಂದಿಲ್ಲಂತ ಒಬ್ಬರಿಗೂ ತಿಳೀಲಿಲ್ಲೇನ್ರವಾ?” ಚುಚ್ಚಿ ಹೇಳಿದ್ದಲ್ಲ, ನಿಜವಾಗಿ ಅರ್ಥವಾಗದೆ ಕೇಳಿದ್ದು. ಆಯಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮೂರನೆಯ ದಿನ ಗಂಡ, “ಸಾಲಿ ಹತ್ರ ಮನಿ ನೋಡೂಣು,” ಎಂದ. ಟಿಕೋಟಾ ರಸ್ತೆಯ ಹೊಸ ಬಡಾವಣೆಯಲ್ಲಿ ಬಾಡಿಗೆಗೆ ಒಂದು ಮನೆ ಖಾಲಿ ಇತ್ತು. ಅಲ್ಲಿಂದ ಬಬಲೇಶ್ವರಕ್ಕೆ ಹೋಗಲು ಅವನು ಮೊದಲು ಊರೊಳಗೆ ಬಂದು ಬಸ್ಸು ಹಿಡಿಯಬೇಕು, ಅದಕ್ಕೂ ತಯಾರಿದ್ದ. ಭಾನುವಾರ ಮೂವರೂ ಹೋದೆವು. ಮನೆ ಚೆನ್ನಾಗಿತ್ತು. ಸುತ್ತ ಗೋಡೆ, ಕಬ್ಬಿಣದ ಗೇಟು, ಪಕ್ಕದ ಎರಡೂ ನಿವೇಶನಗಳಲ್ಲಿ ಬರೀ ಜಾಲಿ. “ಗೇಟಿಗೇ ಗಾಡಿ ಬರ್ತೈತ್ರಿ. ಯಾರ ಕಿರಿಕಿರಿನೂ ಇಲ್ಲ,” ಎಂದ ಮಾಲೀಕ. ನಾನು ಗೇಟಿನ ಬಳಿ ಇಪ್ಪತ್ತು ನಿಮಿಷ ನಿಂತೆ. ಒಂದು ನೀರಿನ ಟ್ಯಾಂಕರ್ ಹೋಯಿತು. ಮತ್ತೆ ಯಾರೂ ಬರಲಿಲ್ಲ.

ಮಗಳನ್ನು ಕೇಳಿದೆ, “ಸಾಲಿಯಿಂದ ಇಲ್ಲಿ ಬಂದು, ನಾ ಬರೂತನಕ ಏನ ಮಾಡ್ತಿ?”

“ಕೀಲಿ ಹಾಕ್ಕೊಂಡು ಟೀವಿ ನೋಡ್ತೇನಿ.”

“ಹಸಿವಾದ್ರ?”

“ನೀ ಬಂದ ಮ್ಯಾಲೆ ಉಣ್ತೇನಿ.”

ಅಲ್ಲಿಂದ ಲ್ಯಾಬ್ ದೂರ. ನಾನು ಬರುವುದು ಐದೂವರೆ ಆಗುತ್ತಿತ್ತು. ಮಗು ಶಾಲೆಯಿಂದ ಬೇಗ ಬರುತ್ತದೆ, ತಾಯಿ ತಡವಾಗಿ ಬರುತ್ತಾಳೆ. ಬೀಗ ಹಾಕಿದ ಆ ಮನೆಯಲ್ಲಿ ಅವಳು ದಿನಾ ಎರಡು ಗಂಟೆ ಕೂರುವುದನ್ನು ಕಣ್ಣಮುಂದೆ ತಂದುಕೊಂಡೆ. ಗಲ್ಲಿಯಿಂದಾಗಿಯೇ ಒಂದು ಗಂಟೆಗೂ ಮೇಲೆ ನಮಗೆ ಏನೂ ತಿಳಿಯಲಿಲ್ಲ ಎನ್ನುವುದು ನಿಜ. ಆ ಗಲ್ಲಿಯಲ್ಲಿ ಅವಳು ಮೂರು ವರ್ಷ ಒಂದು ದಿನವೂ ಹಸಿದು ಕೂರಲಿಲ್ಲ ಎನ್ನುವುದೂ ನಿಜ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಎಲ್ಲಿ ತಪ್ಪಿತೆಂದು ಗೊತ್ತಾದರೆ ಸರಿ ಮಾಡಬಹುದು, ಗೊತ್ತಾಗದಿದ್ದರೆ ಈ ಮನೆಗೆ ಮುಂಗಡ ಕೊಡೋಣ ಎಂದು ಗಂಡನಿಗೆ ಹೇಳಿದೆ. “ಎಷ್ಟ ದಿನ ಬೇಕು?” ಎಂದ. ಹತ್ತು ದಿನ ಕೇಳಿದೆ.

ಮೂರು ದಿನ ರಜೆ ಹಾಕಿ ವ್ಯಾನಿನಲ್ಲಿ ನಾನೇ ಹೋಗಿ ಬಂದೆ. ಹಿಂದಿನ ಸೀಟಿನಲ್ಲಿ, ನಾಲ್ಕು ಮಕ್ಕಳ ನಡುವೆ, ಮೊಣಕಾಲು ಎದೆಗೆ ತಾಗಿಸಿ. “ಅಕ್ಕಾರ, ನೀವೂ ಒಂದನೇ ಕ್ಲಾಸಿಗಿ ಹೆಸರ ಹಚ್ಚೀರೇನು?” ಎಂದ ಡ್ರೈವರ್. ಮಕ್ಕಳು ಕುಣಿದು ನಕ್ಕವು. ನಾನು ನೋಡುತ್ತಾ ಹೋದೆ. ಚೀಲ ಹತ್ತುವುದಕ್ಕೂ ಮಕ್ಕಳು ಹತ್ತುವುದಕ್ಕೂ ನಡುವೆ ಆರರಿಂದ ಒಂಬತ್ತು ನಿಮಿಷ ಇರುತ್ತದೆ. ಆ ನಿಮಿಷಗಳಲ್ಲಿ ದಿನಕ್ಕೆ ಮೂರೋ ನಾಲ್ಕೋ ಮಕ್ಕಳು ನಲ್ಲಿಗೆ, ಶೌಚಕ್ಕೆ, ಮರೆತ ಡಬ್ಬಿಗೆ ಓಡುತ್ತವೆ. ಮೂರನೆಯ ದಿನ ಡ್ರೈವರ್‌ಗೆ ಹೇಳಿದೆ: ಮೊದಲು ಮಕ್ಕಳು ಹತ್ತಬೇಕು, ಆಮೇಲೆ ಚೀಲ, ಚೀಲ ಎಣಿಸಬಾರದು, ತಲೆ ಎಣಿಸಬೇಕು. ಅವನು, “ಹತ್ತ ನಿಮಿಷ ತಡಾ ಆಗತೈತ್ರಿ,” ಎಂದ. ಆಗಲಿ ಎಂದೆ. ಉಳಿದ ಹದಿಮೂರು ಮಕ್ಕಳ ಮನೆಗಳಿಗೂ ಹೋಗಿ ಆ ಹತ್ತು ನಿಮಿಷಕ್ಕೆ ಒಪ್ಪಿಸಿ ಬಂದೆ. ಮಗಳಿಗೆ ನನ್ನ ನಂಬರನ್ನು ಬಾಯಿಪಾಠ ಮಾಡಿಸಿದೆ.

ಉಳಿದದ್ದು ಆಯಿ. ಅಂದಿನಿಂದ ಅವಳು ಕಟ್ಟೆಗೆ ಬಂದಿರಲಿಲ್ಲ. ಚೀಲಗಳನ್ನು ಮಕ್ಕಳೇ ಎಳೆದುಕೊಂಡು ಹೋಗುತ್ತಿದ್ದವು. ನಾನು ಹೋದಾಗ ಅವಳು ಜೋಳ ಹಸನ ಮಾಡುತ್ತಿದ್ದಳು, ತಲೆ ಎತ್ತಲಿಲ್ಲ.

“ಬಡಾವಣೆಗಿ ಹೊಂಟೀರಂತಲ್ಲ. ಹೋಗ್ರಿ. ನನ್ನಿಂದ ಕೂಸಿಗಿ ಏನರ ಆಗಿದ್ರ ನಾ ಎಲ್ಲಿ ಮುಖಾ ಇಡ್ತಿದ್ದೆ?”

“ಹೊಂಟಿಲ್ರೀ. ನಿಮ್ಮ ಕಡೆ ಒಂದು ಕೆಲಸ ಐತಿ.”

“ಚೀಲ ಮುಟ್ಟೂದಿಲ್ಲ ನಾ. ಆಣಿ ಮಾಡೇನಿ.”

“ಚೀಲ ಬ್ಯಾಡ್ರಿ. ಗಾಡಿ ಬಂದಾಗ ಒಂದೊಂದು ಹುಡುಗರು ನಿಮ್ಮ ಮುಂದ ನಿಂತು ಮುಖಾ ತೋರಿಸಿ ಹೋಗಬೇಕು. ಹದಿನಾಲ್ಕು ಆಗೂತನಕ ಗಾಡಿ ಬಿಡಬಾರದು.”

“ನನಗ ಕಣ್ಣ ಮಂಜ ಆಗ್ಯಾವ ಬೇ.”

“ಹತ್ರ ಕರೀರಿ. ಗಲ್ಲ ಹಿಡದು ನೋಡ್ರಿ.”

ಅವಳು ಮೊರದಲ್ಲಿ ಒಂದು ಕಲ್ಲು ಹುಡುಕಿ ತೆಗೆದು ಹೊರಗೆಸೆದಳು. “ಡ್ರೈವರ್ ನನ್ನ ಮಾತ ಕೇಳ್ತಾನೇನು?” ಎಂದಳು. ಮರುದಿನ ನಾಲ್ಕಕ್ಕೆ ಕಟ್ಟೆಯ ಮೇಲಿದ್ದಳು.

ಮಾಲೀಕನಿಗೆ ಮನೆ ಬೇಡವೆಂದು ಫೋನ್ ಮಾಡಿದೆ. ಗಂಡ ಒಪ್ಪಿದನೋ ಸುಮ್ಮನಾದನೋ ಇನ್ನೂ ತಿಳಿದಿಲ್ಲ. ನನಗೂ ಧೈರ್ಯ ಬಂದಿರಲಿಲ್ಲ. ನಾಲ್ಕು ಗಂಟೆಯಾದರೆ ಲ್ಯಾಬಿನ ಗಡಿಯಾರವನ್ನೇ ನೋಡುತ್ತಿದ್ದೆ. ಐದು ನಿಮಿಷ ಸೂಜಿ ಹಿಡಿಯುತ್ತಿರಲಿಲ್ಲ.

ತಿಂಗಳ ನಂತರ ಒಂದು ಶುಕ್ರವಾರ, ನಾಲ್ಕೂ ಹತ್ತಕ್ಕೆ ಫೋನ್ ಬಂತು. ಆಯಿ.

“ಗಾಡಿ ಬಂದೈತಿ. ನಿನ ಮಗಳಿಲ್ಲ. ಹದಿಮೂರ ಅದಾವ.”

ಫೋನ್ ಹಿಡಿದೇ ಲ್ಯಾಬಿನ ಬಾಗಿಲಿಗೆ ಓಡಿದೆ, ಅಲ್ಲಿ ನೆನಪಾಯಿತು. ಅಂದು ಬಬಲೇಶ್ವರದ ಶಾಲೆ ಬೇಗ ಬಿಟ್ಟು ಗಂಡ ತಾನೇ ಹೋಗಿ ಅವಳನ್ನು ಕರೆದುಕೊಂಡಿದ್ದ. ಬೂಟು ಕೊಡಿಸಲು ಬಜಾರಿಗೆ ಹೋಗಿದ್ದರು. ಆಯಿಗೆ ಹೇಳುವುದನ್ನು ಮರೆತಿದ್ದೆವು.

“ಅವರಪ್ಪನ ಕೂಡ ಅದಾಳ್ರೀ, ಆಯಿ. ತಪ್ಪಾತು. ಗಾಡಿ ಬಿಡ್ರಿ.”

“ಡ್ರೈವರನೂ ಅದನ್ನss ಅಂದ. ನೀ ನೋಡೀಯೇನು?”

“ಇಲ್ರೀ, ನಾ ದವಾಖಾನ್ಯಾಗ ಇದ್ದೇನಿ.”

“ಮತ್ತ? ನೋಡಲಾರದ ಬಿಡ ಅಂತೀಯಲ್ಲ!” ಹಿಂದಿನಿಂದ ಹಾರ್ನ್ ಕೇಳುತ್ತಿತ್ತು, ಮಕ್ಕಳ ಗಲಾಟೆ, ಡ್ರೈವರ್‌ನ “ಆಯೀ, ಇನ್ನೊಂದ ಟ್ರಿಪ್ಪ ಹೋಗೂದೈತ್ರಿ, ಕೈ ಮುಗೀತೇನಿ, ಬಾಗಲಾ ಬಿಡ್ರಿ” ಎಂಬ ಗೋಗರೆತ. “ಲೇ, ಸುಮ್ಮ ಕೂಡ!” ಎಂದು ಅವನಿಗೆ ಗದರಿ ನನಗೆ ಹೇಳಿದಳು, “ಮೊದಲ ಕೂಸಿನ ದನಿ ಕೇಳಸ.”

ಗಂಡನಿಗೆ ಫೋನ್ ಹಚ್ಚಿದೆ. ಬಜಾರಿನ ಗದ್ದಲದಲ್ಲಿ ಎರಡು ಸಲ ರಿಂಗಾಗಿ ನಿಂತಿತು. ಮೂರನೆಯ ಸಲ ಎತ್ತಿದ. ಮಗಳಿಗೆ ಫೋನ್ ಕೊಡು ಎಂದೆ, ಯಾಕೆ ಎಂದ, ಕೊಡು ಎಂದೆ. ಆಯಿಯ ಕರೆಯನ್ನೂ ಜೊತೆಗೆ ಸೇರಿಸಿದೆ.

“ಆಯೀ,” ಎಂದಳು ಮಗಳು, “ಕರೀ ಬೂಟ ತೊಗೊಂಡ್ವಿ.”

“ಮನಿಗಿ ಬಂದು ಮುಖಾ ತೋರಸ,” ಎಂದಳು ಆಯಿ. ಆಮೇಲೆ ವ್ಯಾನಿನ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು.