ಅವಳಿಗೆ ಅಣ್ಣ ಇಲ್ವಾ?

ಅಮ್ಮನ ತಗಡಿನ ಪೆಟ್ಟಿಗೆಯನ್ನು ಬಿಸಿಲಿಗಿಡೋಣವೆಂದು ಮೊನ್ನೆ ಖಾಲಿ ಮಾಡಿದಾಗ, ತಳಕ್ಕೆ ಹಾಸಿದ್ದ ಗುಲಾಬಿ ಬಣ್ಣದ ಕಾಗದವೊಂದು ಸಿಕ್ಕಿತು. ಸುಳ್ಯದ ಟೆಂಟ್ ಸಿನಿಮಾದವರು ಜೀಪಿನಿಂದ ಹಾರಿಸುತ್ತಿದ್ದ ನೋಟೀಸು. 'ಮಾತೆಯರೆಲ್ಲ ನೋಡಲೇಬೇಕಾದ ಕಣ್ಣೀರಿನ ಚಿತ್ರ' ಎಂದಿದೆ; ಹೆಸರಿದ್ದ ಮೂಲೆಯನ್ನು ಜಿರಳೆ ತಿಂದಿದೆ. ಕಂಡದ್ದೇ ತಡ, ಅರವತ್ತು ವರ್ಷ ಹಳೆಯ ಸಿಟ್ಟು ನೆತ್ತಿಗೇರಿತು. ಆ ಸಿನಿಮಾದ ಕೊನೆಯನ್ನು ನಾನು ಇವತ್ತಿಗೂ ನೋಡಿಲ್ಲ ಮಾರಾಯ್ರೆ! ನೋಡಲು ಬಿಡದವರು ಕಮಲಕ್ಕ.

ಕಮಲಕ್ಕನೆಂದರೆ ನಾವು ಬಾಡಿಗೆಗಿದ್ದ ಕೋಣೆಯ ಯಜಮಾನ್ತಿ. ತುಳು ಮಾತಿನ ದೊಡ್ಡ ಮನೆತನ, ಅಳಿಯಕಟ್ಟಿನವರು. ಅವರಲ್ಲಿ ಮಕ್ಕಳು ತಾಯಿಯ ಮನೆಗೆ ಸೇರಿದವರು, ಯಜಮಾನಿಕೆ ಸೋದರಮಾವನದು. ಅರೆಭಾಷೆಯವರಾದ ನಮ್ಮಲ್ಲಿ ಹಾಗಲ್ಲ, ಮಗು ಅಪ್ಪನ ಮನೆಯದು. ನನ್ನ ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಹೋಗಿದ್ದರು. ಅಮ್ಮ ಒಬ್ಬಳೇ ಮಗಳು, ತವರೂ ಮುಗಿದಿತ್ತು. ಹೊಲಿಗೆ ಮಿಷನ್ ತುಳಿದು ನನ್ನನ್ನು ಸಾಕುತ್ತಿದ್ದಳು. ನನಗೆ ಎಂಟು ತುಂಬಿದಾಗ ಅರಂತೋಡಿನ ದೊಡ್ಡಪ್ಪನಿಂದ ಮಾತು ಬಂತು: ಮಗು ನಮ್ಮ ಮನೆಯದು, ಆದಿತ್ಯವಾರ ಬಂದು ಕರೆದುಕೊಂಡು ಹೋಗುತ್ತೇನೆ.

ಇಲ್ಲ ಎನ್ನುವ ಧೈರ್ಯ ಅಮ್ಮನಿಗಿರಲಿಲ್ಲ. ಯಾರಿಗೂ ಹೇಳದೆ ಇದೇ ಪೆಟ್ಟಿಗೆಗೆ ನನ್ನ ಲಂಗಗಳನ್ನು ಮಡಚಿಟ್ಟಳು. ಮಗಳು ಹೋಗುವ ಮೊದಲು ಒಂದು ಸುಖವಾದರೂ ಕಾಣಲಿ ಎಂದು ಶನಿವಾರ ಸಂಜೆಯ ಆಟಕ್ಕೆ ಕರೆದುಕೊಂಡು ಹೋದಳು. ಹೋಗಿ ಹೋಗಿ ಆರಿಸಿದ ಸಿನಿಮಾ ನೋಡಿ! ಜೊತೆಗೆ, ಯಾರೂ ಕರೆಯದಿದ್ದರೂ, ಕಮಲಕ್ಕ.

ಪರದೆಯ ಮೇಲೆ ಒಬ್ಬ ಬಡ ವಿಧವೆ, ಅವಳ ಮಗ, ಮಗುವನ್ನು ಕಿತ್ತುಕೊಳ್ಳಲು ಕಾರಿನಲ್ಲಿ ಬರುವ ಮೀಸೆಯ ಮಾವ, ಅಂದರೆ ಗಂಡನ ಅಪ್ಪ. ಹೆಂಗಸರ ಕಡೆಯ ಬೆಂಚುಗಳಲ್ಲಿ ಒಂದು ಸೆರಗೂ ಒಣಗಿ ಉಳಿಯಲಿಲ್ಲ. ಕಮಲಕ್ಕನದು ಮಾತ್ರ ಖಡಕ್ಕಾಗಿತ್ತು.

"ಎಂತ ಮಾರಾಯ್ತಿ ಇದು? ಅವಳಿಗೆ ಅಣ್ಣ ಇಲ್ವಾ?"

"ಅಕ್ಕ, ಸುಮ್ಮನೆ ಕೂತ್ಕೊಳ್ಳಿ," ಎಂದೆ ನಾನು.

"ಅಲ್ಲ, ಮಗು ತಾಯಿ ಮನೆದಲ್ವಾ? ಆ ಮೀಸೆಯವನಿಗೆ ಅದರಲ್ಲಿ ಎಂತ ಉಂಟು?"

ನಾಯಕಿ ಮಗನ ತಲೆ ಸವರುತ್ತಾ ದುಃಖದ ಹಾಡು ಶುರುಮಾಡಿದಳು. "ನೋಡು, ಬಸ್ಸು ಹತ್ತಿ ಅಣ್ಣನ ಮನೆಗೆ ಹೋಗುದು ಬಿಟ್ಟು ಪದ ಹೇಳ್ತಾ ಕೂತಿದ್ದಾಳೆ!" ಗಂಡಸರ ಕಡೆಯಿಂದ ಯಾರೋ "ಬಾಯಿ ಮುಚ್ಚಿ ಮಾರಾಯ್ರೆ" ಎಂದು ಕೂಗಿದರು. ಕಮಲಕ್ಕ ಎದ್ದು ನಿಂತು, ಅವಳಿಗೆ ಅಣ್ಣ ಇಲ್ವಾ ಎಂದು ಅವರನ್ನೂ ಕೇಳಿದರು. ರೀಲು ಬದಲಿಸಲು ದೀಪ ಹಾಕಿದಾಗಲಂತೂ ಇಡೀ ಟೆಂಟಿನ ವಿಚಾರಣೆಯೇ ನಡೆಯಿತು. ನನಗೆ ನೆಲ ಬಾಯಿಬಿಟ್ಟರೆ ಸಾಕಾಗಿತ್ತು.

ಆಗ ಅಮ್ಮ ಒಮ್ಮೆಲೇ ಬಿಕ್ಕಿದಳು. "ಎಲ್ಲರಿಗೂ ಅಣ್ಣ ಇರುದಿಲ್ಲ ಅಕ್ಕ. ನನಗೆ ಉಂಟಾ? ನಾಳೆ ಭಾವ ಬಂದು ಇವಳನ್ನು ಕರ್ಕೊಂಡು ಹೋಗ್ತಾರೆ. ನಾನು ಎಂತ ಮಾಡುದು?"

ದೀಪ ಆರಿತು. ಸಿನಿಮಾದಲ್ಲಿ ಕೋರ್ಟು ಸೇರಿತ್ತು, ಯಾರು ಬೇಕೆಂದು ಮಗುವನ್ನೇ ಕೇಳುತ್ತಿದ್ದರು. ಅಷ್ಟರಲ್ಲಿ ಕಮಲಕ್ಕ ನಮ್ಮಿಬ್ಬರ ರಟ್ಟೆ ಹಿಡಿದರು. "ಏಳಿ, ಹೋಗುವ. ಇದನ್ನು ನೋಡಿ ನಿನಗೆ ಧೈರ್ಯ ಬರುದಿಲ್ಲ." ನಾನು ಬೆಂಚಿನ ಕಾಲು ತಬ್ಬಿಕೊಂಡು ಅತ್ತೆ. ಕೇಳುವವರಾರು?

ಬೆಳಗ್ಗೆ ಮೊದಲ ಬಸ್ಸಿಗೆ ಪುತ್ತೂರಿಗೆ ಹೋದ ಕಮಲಕ್ಕ ಮಧ್ಯಾಹ್ನದೊಳಗೆ ತಮ್ಮನಾದ ಸಂಕಪ್ಪಣ್ಣನನ್ನು ಎಳೆದುಕೊಂಡು ಬಂದು ಜಗಲಿಯಲ್ಲಿ ಕೂರಿಸಿದರು. ಊಟದ ಎಲೆಯ ಮುಂದಿನಿಂದ ಎಬ್ಬಿಸಿ ತಂದಂಥ ಮುಖ ಆ ಮನುಷ್ಯನದು. ದೊಡ್ಡಪ್ಪ ಬಂದರು. ಕೆಟ್ಟವರಲ್ಲ ಅವರು, ನನಗೆಂದು ನೆಲಗಡಲೆ ಮಿಠಾಯಿ ಕಟ್ಟಿಸಿಕೊಂಡು ಬಂದಿದ್ದರು.

"ತಾವು ಯಾರು?" ಎಂದು ಸಂಕಪ್ಪಣ್ಣನನ್ನು ಕೇಳಿದರು.

"ನಾನು ಇವಳ ಅಣ್ಣ."

"ಇವಳಿಗೆ ಅಣ್ಣ ಯಾವಾಗಿಂದ?"

"ನಿನ್ನೆಯಿಂದ," ಎಂದರು ಕಮಲಕ್ಕ. "ಮಗುವಿಗೆ ಸೋದರಮಾವ ಇದ್ದಾನೆ. ಕೇಳುದಾದ್ರೆ ಅವನ ಹತ್ರ ಕೇಳಿ."

ಸಂಕಪ್ಪಣ್ಣ ಅಮ್ಮನ ಕಡೆ ತಿರುಗಿದರು. "ನೀನು ಎಂತ ಹೇಳ್ತಿ ತಂಗಿ?"

ಈ ವಿಷಯದಲ್ಲಿ ಅಮ್ಮನನ್ನು ಯಾರೂ ಅದುವರೆಗೆ ಕೇಳಿರಲಿಲ್ಲ. ಅವಳು ಬಾಗಿಲ ದಾರಂದ ಹಿಡಿದುಕೊಂಡಿದ್ದಳು. "ಮಗು ನನ್ನ ಹತ್ರವೇ ಇರ್ಲಿ ಅಣ್ಣ," ಎಂದಳು. ದೊಡ್ಡಪ್ಪ ಒಂದು ಲೋಟ ನೀರು ಕುಡಿದು, ಮಿಠಾಯಿ ನನ್ನ ಕೈಗಿಟ್ಟು, "ರಜೆಯಲ್ಲಾದ್ರೂ ಕಳಿಸು" ಎಂದು ಹೊರಟರು. ನಾನೆಂಬ ಪೆದ್ದಿ ಅವತ್ತು ಸಂಜೆ ಸಿನಿಮಾದ ಕೊನೆ ತೋರಿಸು ಎಂದು ಅಮ್ಮನ ಜೀವ ತಿಂದೆ.

ಸಂಕಪ್ಪಣ್ಣನೋ, ಅಲ್ಲಿಂದ ಶುರುಹಚ್ಚಿದ ಸೋದರಮಾವನ ದರ್ಬಾರನ್ನು ಇನ್ನೂ ನಿಲ್ಲಿಸಿಲ್ಲ. ನನ್ನ ಅಂಕಪಟ್ಟಿಗೆ ಬೈದರು, ಬಂದ ಎರಡು ಗಂಡುಗಳನ್ನು ಓಡಿಸಿದರು, ನನ್ನ ಧಾರೆಯ ಹೊತ್ತಿಗೆ ದೊಡ್ಡಪ್ಪನನ್ನು ಸರಿಸಿ ಮುಂದೆ ನಿಂತರು. ಈಗ ತೊಂಬತ್ತು ದಾಟಿದೆ, ಎಪ್ಪತ್ತರ ನನಗೆ ಫೋನಿನಲ್ಲಿ ಮಾತ್ರೆ ತಿಂದೆಯಾ ಎಂದು ಗದರುತ್ತಾರೆ. ಸಾಕಪ್ಪಾ ಸಾಕು ಎನಿಸುತ್ತದೆ.

ನಿನ್ನೆ ಹಾಗೆ ಗದರುತ್ತಿದ್ದಾಗ ನಡುವೆ ಬಾಯಿ ಹಾಕಿದೆ. "ಮಾವ, ಅವತ್ತು ಬರುವ ಮೊದಲು ನಿಮಗೆ ನಮ್ಮ ಗುರುತು ಇತ್ತಾ?"

"ಎಲ್ಲಿಂದ ಮಾರಾಯ್ತಿ? ನಿನ್ನ ಅಮ್ಮನ ಹೆಸರು ಸಹ ನನಗೆ ಗೊತ್ತಿರ್ಲಿಲ್ಲ," ಎಂದರು. "ಅದಕ್ಕೇ ತಂಗಿ ಅಂತ ಕರೆದದ್ದು."