ಎಲಿ-ಅಡಿಕಿ ಕೊಡದೆ ಏಳದ ಪ್ರೋಗ್ರಾಂ

ಗದಗ ಜಿಲ್ಲೆಯೂ ಹೊಸದು, ಪ್ರೋಗ್ರಾಂ ಬರೆಯುವ ಡಾಟ್‌ನೆಟ್ಟೂ ಹೊಸದು, ಆಗಿನ ಮಾತಿದು. ಶಿರಹಟ್ಟಿಯ ಹತ್ತಿ ಗಿರಣಿಗೆ ಹೊಸ ಪ್ರೋಗ್ರಾಂ ಬರೆದಿದ್ದೆ. ಕಾಟಾದಿಂದ ತೂಕ ಓದಿ ಹೇಳುವ ಕೋಡಿನ ತುಣುಕು ಮಾತ್ರ ಹಳೆಯದು; ಗಿರಣಿಯ ಮುನೀರ್‌ಸಾಹೇಬರು ತಾವೇ ಕಲಿತು, ಮಗುವಿನಂತೆ ಸಾಕಿದ್ದು. ಮೊದಲ ಟ್ರ್ಯಾಕ್ಟರಿನ ತೂಕ ಬಂತು. ಎರಡನೆಯದಕ್ಕೆ ಪರದೆ ಮೂಕವಾಯಿತು.

"ಹಳೇದನ್ನ ಕಿತ್ತು ಒಗೀರಿ," ಅಂದರು ಮಾಲಕರು. ಸಾಹೇಬರ ಮುಖ ಸಣ್ಣದಾಯಿತು. ಆದರೂ ನನ್ನನ್ನು ಊಟಕ್ಕೆ ಮನೆಗೆ ಕರೆದೊಯ್ದರು.

ಉಂಡು ಎಷ್ಟು ಹೊತ್ತಾದರೂ ನಾನು ಏಳಲಿಲ್ಲ.

"ಏನ್ರಿ, ಇಲ್ಲೇ ಇರಾವರೇನು?" ನಕ್ಕರು ಸಾಹೇಬರು.

"ಎಲಿ-ಅಡಿಕಿ ಕೊಟ್ಟು ಬೀಳ್ಕೊಡದ ಹೆಂಗ ಏಳ್ಲಿರಿ?"

ಅಂದವನೇ ಎದ್ದು ನಿಂತೆ! ಪ್ರೋಗ್ರಾಮಿನ ತೊಡಕೂ ಇದೇ ಅಂತ ಹೊಳೆಯಿತು. ಹೊಸ ಕೋಡು ಕೆಲಸ ಮುಗಿದದ್ದನ್ನು ತಾನೇ ನಿಧಾನಕ್ಕೆ ಗುಡಿಸಿ ತೆಗೆಯುತ್ತದೆ. ಹಳೆಯದು ಹಾಗಲ್ಲ, "ಆತು, ಹೋಗಿ ಬರ್ರಿ" ಅಂತ ಹೇಳುವತನಕ ಕಾಟಾ ಹಿಡಿದೇ ಕೂತಿರುತ್ತದೆ. ಗಿರಣಿಗೆ ಓಡಿ, ಪ್ರತಿ ತೂಕದ ಕೊನೆಗೂ ಅದನ್ನು ಬೀಳ್ಕೊಡುವ ಒಂದು ಸಾಲು ಸೇರಿಸಿದೆ. ಟ್ರ್ಯಾಕ್ಟರುಗಳ ತೂಕ ಸರಸರ ಬಂತು.

"ಮರ್ಯಾದಿ ಕೇಳತಿತ್ತು ನೋಡ್ರಿ ನಮ್ಮದು," ಅಂದ ಸಾಹೇಬರ ಕಣ್ಣು ತುಂಬಿತ್ತು.

ನಿವೃತ್ತನಾದ ಮೇಲೆ ಹೋದ ಮನೆಯಲ್ಲೆಲ್ಲ ಈ ಕತೆ ಹೇಳುತ್ತೇನೆ. ಈಗೀಗ ಅರ್ಧಕ್ಕೇ ಎಲಿ-ಅಡಿಕಿ ತಟ್ಟೆ ಬರುತ್ತದೆ.