ಸಭೆಯಲ್ಲಿದ್ದ ಪುಟ್ಟ ಕುರ್ಚಿ

ಅನಘಾ, ನಿಹಾರ್, ನಿಮ್ಮ ಶಾಲೆಯ ಪೋಷಕ-ಶಿಕ್ಷಕರ ಸಂಘದಲ್ಲಿ, ವಿಧಾನಸಭೆಗೆ ಬರುವ ಶಾಲಾ ಮಸೂದೆಗಳನ್ನು ಓದಿ ಹೇಳುತ್ತಿದ್ದ ಆಂಟಿ ನೆನಪಿದ್ದಾರೆಯೇ? ಪ್ರತಿ ಸಭೆಯಲ್ಲೂ ತಮ್ಮ ಪಕ್ಕ ಒಂದು ಪುಟ್ಟ ಕುರ್ಚಿಯನ್ನು ಖಾಲಿ ಇಡುತ್ತಿದ್ದರು. ಯಾವ ಮಸೂದೆ ಬಂದರೂ ಆ ಕುರ್ಚಿಯತ್ತ ನೋಡುತ್ತಾ, "ಇದು ಯಾವ ಮಗುವಿಗೆ?" ಎನ್ನುತ್ತಿದ್ದರು.

ಅಂದು ಬಂದದ್ದು ಪ್ರತಿ ಶಾಲೆಯಲ್ಲೂ ದಿನವಿಡೀ ನರ್ಸ್ ಇರಬೇಕೆಂಬ ಮಸೂದೆ. ಸಂಘದಿಂದ ಬೆಂಬಲಿಸೋಣವೆಂದು ಆರು ಕೈ, ಬೇಡವೆಂದು ಆರು. ಸದಸ್ಯೆಯಾದರೂ ನಾನು ಎಂದೂ ಕೈ ಎತ್ತಿದವಳಲ್ಲ. ಆಂಟಿ ಮತ್ತೆ ಎಣಿಸಿ, "ಪರವಾಗಿ ಏಳು," ಎಂದರು. ನೋಡಿದರೆ ನನ್ನ ಕೈ ಮೇಲಿತ್ತು. ಪುಟ್ಟ ಬೆರಳುಗಳು ಹಿಡಿದೆತ್ತಿದಂತೆ ಮಣಿಕಟ್ಟು ತಣ್ಣಗೆ ಕೊರೆಯುತ್ತಿತ್ತು.

ಹೊರಡುವಾಗ ಅವರು ಕುರ್ಚಿ ಮಡಚುತ್ತಾ, "ಕೈ ತಣ್ಣಗಾಯ್ತಾ ಅಮ್ಮ? ನನ್ ಮಗಳು ಕ್ಲಾಸಲ್ಲೇ ಕುಸಿದು ಹೋದಳಲ್ಲ, ಅವತ್ತು ಸ್ಕೂಲಲ್ಲಿ ನರ್ಸ್ ಇರ್ಲಿಲ್ಲ. ಆವಾಗಿಂದ ಅವಳ ಕೈ ಹಾಗೇನೇ," ಎಂದರು.

ಅಂದು ಮೇಲೆದ್ದ ನನ್ನ ಆ ಕೈಯಿಂದಲೇ ಇದನ್ನು ಬರೆದಿದ್ದೇನೆ. ಈ ಹಾಳೆಗಳನ್ನು ಜೋಪಾನವಾಗಿಡಿ, ಮಕ್ಕಳೇ.